ಧರ್ಮಾ ಕೋಲಿಯ ದೋಣಿ ನಿಂತ ಜಾಗ

ನನ್ನ ತಂಗಿಯ ಮಗಳು ಸ್ವಾತಿ ಪರೀಕ್ಷೆ ಪಾಸು ಮಾಡಿ, ನಾನು ದುಡಿದ ಬಂದರು ಇಲಾಖೆಗೇ ಸೇರುತ್ತಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಮುಂಬೈ ಹತ್ತಿರ, ಕಲ್ಯಾಣದ ಪಕ್ಕದ ವಿಠ್ಠಲವಾಡಿಯಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮೊನ್ನೆ ಕಳವಾ ಊರಿನ ನಮ್ಮ ಮನೆಗೆ ಬಂದವಳು ಚಹಾ ಕುಡಿಯುತ್ತಾ, "ಮಾಮಾ, ಆಪ್‌ಕಾ ಕಾಮ್ ಆಖಿರ್ ಥಾ ಕ್ಯಾ?" ಎಂದು ನನ್ನ ಕೆಲಸದ ಬಗ್ಗೆ ಕೇಳಿದಳು. ಇಡೀ ಆಯುಷ್ಯವನ್ನು ಸಮುದ್ರದ ನೀರು ಒಳಬಂದು ಹೋಗುವ ಖಾಡಿಯ ಮೇಲೆ ಕಳೆದವನು ನಾನು. "ದೋಣಿಗಳನ್ನು ನಿಲ್ಲಿಸುವುದು" ಎಂದೆ. ಅವಳಿಗೆ ನಗು ಬಂತು. ಟ್ರಾಫಿಕ್ ಹವಾಲ್ದಾರನ ಹಾಗಾ ಎಂದಳು. ಹೆಚ್ಚುಕಡಿಮೆ ಹಾಗೆಯೇ. ಆದರೆ ಹವಾಲ್ದಾರನಿಗೆ ಒಂದು ಅನುಕೂಲ ಉಂಟು, ಅವನ ರಸ್ತೆ ದಿನಕ್ಕೆರಡು ಸಲ ದಿಕ್ಕು ಬದಲಿಸಿ ಹರಿಯುವುದಿಲ್ಲ. ಅವಳಿಗೆ ಕನ್ನಡ ಓದಲು ಬಾರದು. ತಾಯಿ ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಗಂಗೊಳ್ಳಿಯವನು, ಹೆಸರು ಭಾಸ್ಕರ. ಮೀಸೆ ಮೂಡುವ ಮೊದಲೇ ಕಲ್ಯಾಣಕ್ಕೆ ಬಂದು ಸೋದರಮಾವನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದೆ. ಸಾಬೂನು ನೀರು ಕೈಗೆ ಹಿಡಿಸಲಿಲ್ಲ, ಉಪ್ಪು ನೀರೇ ಹಿಡಿಸಿತು. ಇಲಾಖೆಯ ಲಾಂಚಿಗೆ ಖಲಾಸಿಯಾಗಿ ಸೇರಿ, ಕೊನೆಗೆ ಸಾರಂಗನಾದೆ, ಎಂದರೆ ಲಾಂಚು ನಡೆಸುವವನಾದೆ. ನಡುವಿನ ಬಡ್ತಿಗಳ ಕಥೆ ನನ್ನ ಹೆಂಡತಿಗೇ ಬೇಡವಾಗಿದೆ, ನಿಮಗೇಕೆ?

ಪಟಾಕಿ ಕೆಲಸ ನಮ್ಮ ತಲೆಗೆ ಬಿದ್ದದ್ದು ಖಾಡಿಗೆ ಐರೋಲಿ ಸೇತುವೆ ಆಗಿ ಕೆಲವು ವರ್ಷ ಕಳೆದ ಮೇಲೆ. ಅದಕ್ಕೂ ಮೊದಲು ಠಾಣೆ ಪಟ್ಟಣದ ಖಾಡಿ ಎಂದರೆ ಜನ ಮೂಗು ಮುಚ್ಚಿಕೊಂಡು ರೈಲಿನಲ್ಲಿ ದಾಟುವ ಜಾಗ. ಕಾರ್ಖಾನೆಯ ನೀರು, ಕೆಸರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಪೊದೆ, ನಡುವೆ ಮೀನು ಹಿಡಿಯುವ ಕೋಲಿಗಳು, ಮರಳು ತೆಗೆಯುವ ಬಾರ್ಜುಗಳು. ಆಮೇಲೆ ಕಟ್ಟಡದವರು ಬಂದರು. ಅದೇ ಕೊಳೆನೀರು ಜಾಹೀರಾತಿನಲ್ಲಿ ನೀಲಿಯಾಯಿತು. ದಂಡೆಯಲ್ಲಿ ಒಂದು ಗೋಪುರ ಎದ್ದರೆ ಅದರ ಉದ್ಘಾಟನೆಗೆ ಆಕಾಶ ತುಂಬ ಪಟಾಕಿ ಹಾರಿಸಬೇಕು ಎಂಬ ಹೊಸ ಶಾಸ್ತ್ರ ಶುರುವಾಯಿತು. ದಂಡೆಯ ಮೇಲೆ ಹಾರಿಸೋಣವೆಂದರೆ ಮನೆಗಳು ಒತ್ತಾಗಿದ್ದವು. ಹಾಗಾಗಿ ಮರಳಿನವರ ಬಾರ್ಜನ್ನು ಬಾಡಿಗೆಗೆ ಹಿಡಿದು, ಖಾಡಿಯ ನಡುವೆ ಲಂಗರು ಹಾಕಿ, ಅದರ ಮೇಲೆ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಹಾರಿಸುತ್ತಿದ್ದರು. ಸುತ್ತ ಒಂದು ವೃತ್ತದೊಳಗೆ ಯಾವ ದೋಣಿಯೂ ಬಾರದಂತೆ ತಡೆಯುವುದು ನಮ್ಮ ಪಾಲಿನ ಕೆಲಸ.

ಮೊದಮೊದಲು ನಮಗೆ ಏನೂ ಗೊತ್ತಿರಲಿಲ್ಲ. ಒಂದು ಸೀಟಿ, ಒಂದು ಕೆಂಪು ಬಾವುಟ, ಕೈಯಲ್ಲಿ ಹಿಡಿದು ಕೂಗುವ ಒಂದು ಭೋಂಗಾ, ಇಷ್ಟೇ ನಮ್ಮ ಆಯುಧ. ಕಲ್ಯಾಣದ ಖಾಡಿಯಲ್ಲಿ ಒಮ್ಮೆ ಹಬ್ಬದ ಪ್ರದರ್ಶನವಿತ್ತು. ತೇಲುವುದನ್ನೆಲ್ಲ ತಡೆಯಿರಿ ಎಂದು ನಮಗೆ ಹೇಳಿದ್ದರು. ಒಂದು ಸಣ್ಣ ದೋಣಿ ಕೇಳದೆ ಬಾರ್ಜಿನತ್ತ ಹೋಗುತ್ತಿತ್ತು. ಅದರಲ್ಲಿದ್ದವರು ಎದ್ದು ನಿಂತು ಕೈ ಬೀಸಿ ಬೊಬ್ಬೆ ಹಾಕುತ್ತಿದ್ದರು. ನಾವೂ ಬಿಡಲಿಲ್ಲ, ಬೆನ್ನಟ್ಟಿ ಹಿಡಿದು ದಡಕ್ಕೆ ತಂದು ಪೊಲೀಸರ ಕೈಗೆ ಕೊಟ್ಟೆವು. ದಂಡೆಯಲ್ಲಿ ಜನ ಕಾದರು, ಮಕ್ಕಳು ಅತ್ತರು, ಬಾರ್ಜಿನ ಮೇಲೆ ಒಂದು ಕಿಡಿಯೂ ಕಾಣಲಿಲ್ಲ. ಕೊನೆಗೆ ತಿಳಿಯಿತು, ನಾವು ಹಿಡಿದದ್ದು ಪಟಾಕಿ ಹಚ್ಚುವವರನ್ನೇ! ನಮ್ಮ ಲಾಂಚಿನ ಇಂಜಿನ್ ನೋಡುವ ಡ್ರೈವರ್ ಶೀನ, ಕೋಟೇಶ್ವರದವನು, ಇಂಜಿನ್ನಿನ ಪಕ್ಕ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಭಾಸ್ಕರಣ್ಣ, ಮದಿ ಗಂಡನ್ನೇ ಚಪ್ಪರದಿಂದ ಹೊರ್ಗ್ ಹಾಕಿದ್ರಿ ಮಾರಾಯ್ರೆ!" ಎಂದ. ಆ ಕಾಲದಲ್ಲಿ ನಮ್ಮ ತಪ್ಪುಗಳಿಗೆ ನಗಬಹುದಿತ್ತು.

ಆಗ ನಮ್ಮ ಮೇಲೆ ಇದ್ದವರು ಸಾವಂತ್ ಸಾಹೇಬರು. ಕೆಟ್ಟ ಮನುಷ್ಯ ಎಂದು ಹೇಳಲಾರೆ. ನನ್ನ ಹೆಂಡತಿ ಆಸ್ಪತ್ರೆ ಸೇರಿದ್ದಾಗ ನಾನು ಬಾಯಿ ಬಿಡುವ ಮೊದಲೇ ರಜೆ ಕೊಟ್ಟವರು ಅವರು. ಮೇಜಿನ ಕೆಲಸದಲ್ಲಿ ಪಳಗಿದವರು, ನಕ್ಷೆ ಎಂದರೆ ಪ್ರಾಣ. ಕಂಪಾಸಿನಿಂದ ಬಾರ್ಜಿನ ಸುತ್ತ ದುಂಡಗೆ ಗೆರೆ ಎಳೆದು, ಒಳಗೆಲ್ಲ ಕೆಂಪು ಪೆನ್ಸಿಲ್ ತಿಕ್ಕಿ ನಮಗೆ ತೋರಿಸುತ್ತಿದ್ದರು. ಗೆರೆ ಬಿದ್ದ ಮೇಲೆ ಅವರ ಅಪ್ಪಣೆ ಇಲ್ಲದೆ ಒಂದು ದೋಣಿಯೂ ಅಲುಗಬಾರದು ಎಂಬುದು ಅವರ ಮೊದಲ ಕಟ್ಟಳೆ. ಅದು ಸರಿಯಾದ ಕಟ್ಟಳೆಯೇ. ಕತ್ತಲಲ್ಲಿ ಅಲ್ಲಿ ಇಲ್ಲಿ ಓಡಾಡುವ ದೋಣಿಗಿಂತ ನಿಂತಲ್ಲೇ ನಿಂತ ದೋಣಿ ಕ್ಷೇಮ. "ಕೋಯೀ ಹಿಲೇಗಾ ನಹೀ" ಎಂದು ವಾಕಿಟಾಕಿಯಲ್ಲಿ ಅವರು ಹೇಳಿದರೆ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು.

ಆದರೆ ಕಾಗದದ ಮೇಲಿನ ಗೆರೆ ನೀರಿನ ಮೇಲೆ ಕಾಣುವುದಿಲ್ಲ. ಕೋಲಿಗಳಿಗೆ ನಮ್ಮ ಸೀಟಿಯ ಲೆಕ್ಕವೂ ಇರಲಿಲ್ಲ. ಅವರ ಅಜ್ಜಂದಿರ ಕಾಲದಿಂದ ಖಾಡಿ ಅವರದು, ನಾವು ನಿನ್ನೆ ಮೊನ್ನೆ ಬಂದವರು. ಭರತ ಮುಗಿದು ಇಳಿತ ಶುರುವಾಗುವ ಹೊತ್ತಿಗೆ ಬಲೆ ಎತ್ತಬೇಕು, ಮಂತ್ರಿ ಬಂದರೂ ಮಹಾರಾಜ ಬಂದರೂ ಬಲೆಗೆ ಸಂಬಂಧವಿಲ್ಲ. ಒಂದೆರಡು ಪ್ರದರ್ಶನಗಳಲ್ಲಿ ನಾವು ಬೈದೆವು, ಅವರೂ ಬೈದರು, ಅವರ ಬೈಗುಳ ನಮ್ಮದಕ್ಕಿಂತ ಚೆನ್ನಾಗಿತ್ತು. ಆಗ ಸಿಕ್ಕವನು ಧರ್ಮಾ ಕೋಲಿ.

ಐರೋಲಿಯ ಕಡೆಯ ಕೋಲಿವಾಡದ, ಎಂದರೆ ಕೋಲಿಗಳ ಕೇರಿಯ, ಹಿರಿಯ. ಕುಳ್ಳ, ಗಟ್ಟಿ ಮೈ, ತಲೆಗೆ ಸದಾ ಒಂದು ಕೆಂಪು ಟೊಪ್ಪಿ. ಒಂದು ಮಧ್ಯಾಹ್ನ ಅವನ ಮನೆಯ ಜಗಲಿಯಲ್ಲಿ ಕುಳಿತು ನನ್ನ ಹರಕು ಮರಾಠಿಯಲ್ಲಿ ಕಷ್ಟ ಹೇಳಿಕೊಂಡೆ. ಅವನ ಹೆಂಡತಿ ಅನುಸಯಾ ಒಣಮೀನು ತಿರುವಿ ಹಾಕುತ್ತಿದ್ದಳು. ಎಲ್ಲ ಕೇಳಿದ ಮೇಲೆ ಧರ್ಮಾ ಹೇಳಿದ, "ಭಾವು, ನೀನು ಸೀಟಿ ಊದಿದರೆ ನಾಯಿ ಕೂಡ ನಿಲ್ಲೋದಿಲ್ಲ. ನನಗೆ ಜಾಗ ತೋರಿಸು. ನನ್ನ ದೋಣಿ ಅಲ್ಲಿ ಲಂಗರು ಹಾಕ್ತೀನಿ. ನಮ್ಮವರು ಯಾರೂ ಮುಂದೆ ಬರೋದಿಲ್ಲ."

ಕೋಲಿವಾಡದಲ್ಲಿ ಒಂದು ರೂಢಿ ಇತ್ತು. ಹಿರಿಯನ ದೋಣಿ ಲಂಗರು ಹಾಕಿ ನಿಂತಿದ್ದರೆ ಅದನ್ನು ದಾಟಿ ಮುಂದೆ ಯಾರೂ ಬಲೆ ಬಿಡುವುದಿಲ್ಲ, ದೋಣಿಯನ್ನೂ ಒಯ್ಯುವುದಿಲ್ಲ. ಯಾರಾದರೂ ದಾಟಿದರೆ ಆ ಮನೆಯ ಮದುವೆಗೆ ಊರು ಹೋಗುವುದಿಲ್ಲ. ಸರ್ಕಾರದ ಆದೇಶಕ್ಕೆ ಬಗ್ಗದವರು ಇದಕ್ಕೆ ಬಗ್ಗುತ್ತಿದ್ದರು. ಅಂದಿನಿಂದ ನಮ್ಮ ಗೆರೆ ಎಂದರೆ ಧರ್ಮಾನ ದೋಣಿ. ಸಾಹೇಬರು ನಕ್ಷೆಯಲ್ಲಿ ಎಳೆದದ್ದನ್ನು ನಾನು ನೀರಿನ ಮೇಲೆ ಅವನಿಗೆ ತೋರಿಸುತ್ತಿದ್ದೆ, ಅವನು ಅಲ್ಲಿ ಲಂಗರು ಬಿಟ್ಟು ಬೀಡಿ ಹಚ್ಚುತ್ತಿದ್ದ, ಉಳಿದ ದೋಣಿಗಳು ಅವನ ಹಿಂದೆ ಸಾಲಾಗಿ ನಿಲ್ಲುತ್ತಿದ್ದವು. ಲಾಂಚನ್ನು ನಾವು ಖಾಡಿಯ ಇನ್ನೊಂದು ಕಡೆಗೆ, ಕಳವಾ ದಿಕ್ಕಿನಿಂದ ಬರುವವರನ್ನು ತಡೆಯಲು ಒಯ್ಯುತ್ತಿದ್ದೆವು. ಹಲವು ಪ್ರದರ್ಶನ ಹೀಗೆ ಸುಸೂತ್ರವಾಗಿ ನಡೆದವು. ಸಾಹೇಬರಿಗೆ ಮೇಲಿನಿಂದ ಶಾಭಾಸ್‌ಗಿರಿ ಬಂತು. ಧರ್ಮಾನಿಗೆ ಪ್ರದರ್ಶನ ಮುಗಿದ ಮೇಲೆ ಆಯೋಜಕರ ಕಡೆಯಿಂದ ಒಂದು ಮಿಠಾಯಿ ಪೊಟ್ಟಣ ಬರುತ್ತಿತ್ತು, ಕೆಲವು ಸಲ ಅದೂ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಇನ್ನು ಆ ಸಂಜೆಯ ಮಾತು. ಐರೋಲಿಯ ದಂಡೆಯಲ್ಲಿ ಒಂದು ಕಟ್ಟಡ ಕಂಪನಿಯ ದೊಡ್ಡ ಸಮಾರಂಭ. ಸೂರ್ಯ ಮುಳುಗುತ್ತಿದ್ದಂತೆ ಪಟಾಕಿ ಎಂದು ನಿಗದಿಯಾಗಿತ್ತು. ಮಧ್ಯಾಹ್ನದ ಭರತದಲ್ಲಿ ಬಾರ್ಜು ತಂದು ನಿಲ್ಲಿಸಿದರು. ಮರಳಿನವರ ಅಭ್ಯಾಸದಂತೆ ಒಂದೇ ಲಂಗರು, ಮೂತಿಯಿಂದ ಉದ್ದನೆಯ ಹಗ್ಗ. ನೀರು ತಿರುಗಿದ ಹಾಗೆ ಬಾರ್ಜೂ ತಿರುಗಿಕೊಳ್ಳಲಿ, ಹಗ್ಗಕ್ಕೆ ಜಗ್ಗಾಟ ಬೇಡ ಎಂದು ಅವರು ಯಾವಾಗಲೂ ಹಾಗೆಯೇ ನಿಲ್ಲಿಸುವುದು. ಮರಳು ತೆಗೆಯಲು ಅದು ಒಳ್ಳೆಯ ರೀತಿ. ಹಿಂದಿನ ಪ್ರದರ್ಶನಗಳೆಲ್ಲ ನೀರು ತಿರುಗುವ ಮೊದಲೇ ಮುಗಿದಿದ್ದುದರಿಂದ ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಭರತದ ನೀರು ಠಾಣೆಯ ಕಡೆಗೆ ಏರುತ್ತಿತ್ತು. ಬಾರ್ಜು ಲಂಗರಿನಿಂದ ಆ ಕಡೆಗೆ ತೇಲಿ ನಿಂತಿತ್ತು. ಕೊಳವೆಗಳನ್ನು ಪಟಾಕಿಯವರು ಹಿಂಬದಿಗೆ ಸ್ವಲ್ಪ ವಾಲಿಸಿ ಮರಳಿನ ಚೀಲಗಳಿಂದ ಬಿಗಿ ಮಾಡಿದ್ದರು. ಕಿಡಿ ಬಿದ್ದರೆ ಆ ಕಡೆಯ ಕಾಂಡ್ಲಾ ಪೊದೆಯ ಕೆಸರಿನಲ್ಲಿ ಬೀಳಲಿ ಎಂಬ ಎಣಿಕೆ. ಸಾಹೇಬರು ಬಾರ್ಜು ನಿಂತ ಜಾಗ ನೋಡಿ ನಕ್ಷೆಯಲ್ಲಿ ವೃತ್ತ ಎಳೆದರು. ನಾನು ಧರ್ಮಾನನ್ನು ವೃತ್ತದ ಆಚೆಗೆ, ಲಂಗರಿನ ಇನ್ನೊಂದು ಬದಿಗೆ, ಸಮುದ್ರದ ದಿಕ್ಕಿನ ವಾಶಿಯ ಕಡೆಗೆ ನಿಲ್ಲಿಸಿದೆ. ದೂರ ಸಾಕಷ್ಟಿತ್ತು. "ಇಲ್ಲಿಂದ ಪಟಾಕಿ ಕಾಣ್ತದಾ, ಇಲ್ಲ ದುರ್ಬೀನು ತರಬೇಕಾ?" ಎಂದು ಅವನು ತಮಾಷೆ ಮಾಡಿದ. ದೋಣಿಯಲ್ಲಿ ಅವನೊಬ್ಬನೇ ಇದ್ದ. ಜತೆಗೆ ನೈಲಾನ್ ಬಲೆಯ ಒಂದು ರಾಶಿ, ಒಂದು ಲಾಟೀನು. ಮುಗಿದ ಕೂಡಲೇ ಬಲೆ ಬಿಡುವ ಯೋಚನೆ.

ಸೂರ್ಯ ಮುಳುಗಿದ. ಪಟಾಕಿ ಹಾರಲಿಲ್ಲ. ಮುಖ್ಯ ಅತಿಥಿಗಳ ಗಾಡಿ ಸೇತುವೆಯ ಟೋಲ್ ನಾಕಾದ ಗರ್ದಿಯಲ್ಲಿ ಸಿಕ್ಕಿಕೊಂಡಿದೆ ಎಂದು ವಾಕಿಟಾಕಿ ಹೇಳಿತು. ದಂಡೆಯಲ್ಲಿ ಹಾಡು ಜೋರಾಯಿತು. ಕಾದೆವು. ಇಂಜಿನ್ನಿನ ಮುಚ್ಚಳದ ಮೇಲೆ ಕುಳಿತಿದ್ದ ಶೀನ ಎದ್ದು ನಿಂತ.

"ಭಾಸ್ಕರಣ್ಣ, ನೀರ್ ತಿರ್ಗ್ತ್, ಕಾಣಿ."

ಲಾಂಚಿನ ಬದಿಗೆ ಬಡಿಯುತ್ತಿದ್ದ ಕಸಕಡ್ಡಿ ನಿಂತುಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ಅದು ಹಿಮ್ಮುಖವಾಗಿ ಸಮುದ್ರದ ಕಡೆ ಹೊರಟಿತು. ನಾನು ಬಾರ್ಜಿನತ್ತ ನೋಡಿದೆ. ಆ ದೊಡ್ಡ ಕಬ್ಬಿಣದ ಒಡಲು ಸದ್ದಿಲ್ಲದೆ, ಎಮ್ಮೆ ಮಗ್ಗುಲು ಬದಲಿಸಿದ ಹಾಗೆ, ತಿರುಗತೊಡಗಿತ್ತು.

"ಒಂದೇ ಲಂಗ್ರಾ ಹಾಕಿದ್? ಇವ್ರಿಗೆ ಮಂಡಿ ಸಮ ಇತ್ತಾ?" ಎಂದ ಶೀನ. "ಅದ್ ಪೂರಾ ತಿರ್ಗಿ ಧರ್ಮಾನ ಬದಿಗ್ ಬತ್ತ್. ಕೊಳ್ವಿ ಬಾಯಿಯೂ ಅತ್ಲಾಗೇ ಆತ್ತ್."

ಅವನು ಹೇಳಿದ್ದು ಪೂರ್ತಿ ನಿಜ. ಬಾರ್ಜು ಲಂಗರಿನ ಈ ಕಡೆಯಿಂದ ಆ ಕಡೆಗೆ ಹೋಗಿ ನಿಲ್ಲುತ್ತಿತ್ತು. ಕಾಂಡ್ಲಾ ಪೊದೆಯ ಕಡೆ ವಾಲಿಸಿದ ಕೊಳವೆಗಳು ಈಗ ಕೋಲಿವಾಡದ ದೋಣಿಗಳ ಕಡೆ ವಾಲಿದ್ದವು. ಧರ್ಮಾನ ದೋಣಿಯೂ ತಿರುಗಿತು, ಆದರೆ ಅದರ ಹಗ್ಗ ಗಿಡ್ಡ, ಇದ್ದಲ್ಲೇ ಮುಖ ಬದಲಿಸಿತು ಅಷ್ಟೆ. ನಾನು ಸಾಹೇಬರನ್ನು ಕರೆದೆ. ಉತ್ತರ ಬರಲಿಲ್ಲ. ಅತಿಥಿಗಳು ಅದೇ ಕ್ಷಣ ಬಂದಿಳಿದಿದ್ದರು. ಇನ್ನೊಮ್ಮೆ ಕರೆದೆ. ವಾಕಿಟಾಕಿಯಲ್ಲಿ ತುತ್ತೂರಿಯ ಸದ್ದು ಮಾತ್ರ ಕೇಳಿಸಿತು.

ಆಗ ಬಾರ್ಜಿನ ಆಚೆಯಿಂದ ಒಂದು ಬೆಳಕು ಎತ್ತರಕ್ಕೆ ಎದ್ದು ಅತ್ತಿತ್ತ ಆಡಿತು. ಧರ್ಮಾ ಲಾಟೀನು ಬೀಸುತ್ತಿದ್ದ. ಜಾಗ ಬಿಟ್ಟು ಸರಿಯಲೇ ಎಂದು ಕೇಳುವಾಗ ಹಾಗೆ ಬೀಸಬೇಕು ಎಂದು ನಾವಿಬ್ಬರೇ ಮಾಡಿಕೊಂಡ ಗುರುತು ಅದು. ಅವನಿಗೆ ನೀರಿನ ಗುಣ ತಿಳಿಯದ್ದೇ? ಬಾರ್ಜು ಮೈಮೇಲೆ ಬರುವುದು ಅವನಿಗೆ ನಮಗಿಂತ ಮೊದಲೇ ಕಂಡಿತ್ತು. ಆದರೆ ಅವನು ಎದ್ದರೆ ಹಿಂದಿನ ಸಾಲೆಲ್ಲ ಏಳುತ್ತಿತ್ತು, ಕತ್ತಲಲ್ಲಿ ಗೆರೆಯೇ ಅಳಿಯುತ್ತಿತ್ತು. ನಿಲ್ಲುತ್ತೇನೆ ಎಂದು ಮಾತು ಕೊಟ್ಟಿದ್ದ. ಆದ್ದರಿಂದ ನಿಂತುಕೊಂಡೇ ಕೇಳುತ್ತಿದ್ದ.

"ಕೇಂತಾ ಕೂತ್ರೆ ಆತಿಲ್ಲೆ, ಹ್ವಾಪ" ಎಂದು ಶೀನ ಇಂಜಿನ್ ಎಬ್ಬಿಸಿದ. ನಾನು ಚುಕ್ಕಾಣಿ ತಿರುಗಿಸಿದೆ. ಅಪ್ಪಣೆ ಇಲ್ಲದೆ ಲಾಂಚು ಅಲುಗಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಬಾರ್ಜಿಗೆ ಸುತ್ತು ಹಾಕಿ ಹೋಗಬೇಕು, ದಂಡೆಯ ಕಡೆ ನೀರು ಕಡಿಮೆ, ತಳ ಕೆಸರಿಗೆ ಕಚ್ಚುತ್ತಿತ್ತು. ಭೋಂಗಾ ಹಿಡಿದು "ಪಟಾಕಿ ನಿಲ್ಲಿಸಿ" ಎಂದು ಬಾರ್ಜಿನವರಿಗೂ "ಸರಿದುಕೋ" ಎಂದು ಧರ್ಮಾನಿಗೂ ಕೂಗಿದೆ. ದಂಡೆಯ ಸ್ಪೀಕರುಗಳ ಮುಂದೆ ನನ್ನ ಕೂಗು ನನಗೇ ಕೇಳಿಸಲಿಲ್ಲ. ಅರ್ಧ ಸುತ್ತು ಬಂದಿದ್ದೆವು, ಆಗ ಮೊದಲ ಸಾಲು ಹಾರಿತು.

ಮೊದಲಿನವು ಮೇಲೆ ಹೋಗಿ ಅರಳಿದವು. ದಂಡೆಯಲ್ಲಿ ಜನ ಓಹೋ ಎಂದರು. ಆಮೇಲೆ ಒಂದು ಎತ್ತರಕ್ಕೆ ಏರದೆ, ಓರೆಯಾಗಿ ಹೋಗಿ, ನೀರಿನ ಹತ್ತಿರದಲ್ಲೇ ಒಡೆಯಿತು. ಹಸಿರು ಬಣ್ಣದ್ದು. ಆ ಬೆಳಕಿನಲ್ಲಿ ಧರ್ಮಾ ಲಾಟೀನು ಎತ್ತಿ ಹಿಡಿದು ನಿಂತಿರುವುದು ಕಂಡಿತು. ಕಿಡಿಯೆಲ್ಲ ಬಲೆಯ ರಾಶಿಯ ಮೇಲೆ ಸುರಿಯಿತು. ನೈಲಾನ್ ಉರಿಯುವುದಕ್ಕಿಂತ ಹೆಚ್ಚಾಗಿ ಕರಗುತ್ತದೆ, ಕರಗಿದ್ದು ಅಂಟಿಕೊಳ್ಳುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ನೀರಿಗೆ ಹಾರಿದ್ದವನನ್ನು ನಾವಿಬ್ಬರೂ ಲಾಂಚಿಗೆ ಎಳೆದುಕೊಂಡೆವು. ಜೆಟ್ಟಿಗೆ ಓಡಿಸುವಾಗ ಹಿಂದೆ ಪ್ರದರ್ಶನ ನಡೆಯುತ್ತಲೇ ಇತ್ತು, ಯಾರಿಗೂ ಏನೂ ತಿಳಿದಿರಲಿಲ್ಲ. ಧರ್ಮಾನಿಗೆ ಎಚ್ಚರವಿತ್ತು. ನಾನು ಅವನ ತಲೆ ಹಿಡಿದು ಕುಳಿತಿದ್ದೆ. "ಭಾವು, ನಾನು ದಾಟಲಿಲ್ಲ" ಎಂದ. ಹೌದು ದಾದಾ, ಮಾತಾಡಬೇಡ ಎಂದೆ. "ನಾನು ದಾಟಲಿಲ್ಲ ಅಂತ ಅವಳಿಗೆ ಹೇಳು" ಎಂದ. ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ಹೋಗಿಬಿಟ್ಟ. ನಾನು ಹೇಳಿದೆ ಅನುಸಯಾಳಿಗೆ. ಅವಳು ಅಳಲಿಲ್ಲ, "ನನಗೆ ಗೊತ್ತು, ಬೇರೆಯವರಿಗೆ ಹೇಳು" ಎಂದಳು.

ಬೇರೆಯವರಿಗೆ ಪತ್ರಿಕೆಯವರು ಮೊದಲೇ ಹೇಳಿಬಿಟ್ಟಿದ್ದರು. ನಿಷೇಧ ಮೀರಿ ಒಳನುಗ್ಗಿದ ಮೀನುಗಾರನ ದುರ್ಮರಣ ಎಂದು ಅಚ್ಚಾಗಿತ್ತು. ಸುದ್ದಿ ಎಲ್ಲಿಂದ ಹೋಯಿತೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಕೋಲಿವಾಡದಲ್ಲಿ ಗುಸುಗುಸು ಶುರುವಾಯಿತು. ನಮಗೆಲ್ಲ ದಾಟಬೇಡಿ ಎಂದವನು, ದಾಟಿದ ಮನೆಯ ಮದುವೆಗೆ ಹೋಗಬೇಡಿ ಎಂದವನು, ಬಲೆ ಬಿಡುವ ಅವಸರದಲ್ಲಿ ತಾನೇ ಮುಂದೆ ಹೋದನಂತೆ! ಹಿಂದಿನ ಸಾಲಿನಲ್ಲಿದ್ದವರಿಗೂ ಕತ್ತಲಲ್ಲಿ ಕಂಡದ್ದು ಒಂದೇ, ಬಾರ್ಜು ಅವನ ಪಕ್ಕದಲ್ಲಿತ್ತು. ಯಾರು ಯಾರ ಹತ್ತಿರ ಹೋದರು ಎಂದು ಹೇಗೆ ಹೇಳುವುದು? ಹಿಂದೆಲ್ಲ ಜಗಳ ಬಿಡಿಸಲು ಧರ್ಮಾನ ಜಗಲಿಗೆ ಬರುತ್ತಿದ್ದವರು ಈಗ ಆ ದಾರಿ ಬಿಟ್ಟು ನಡೆದರು.

ಮುಂಬೈಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಹಿಂದಿನ ದಿನ ಸಾವಂತ್ ಸಾಹೇಬರು ನನ್ನನ್ನು ಒಳಗೆ ಕರೆದರು. ಅವರ ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿದಂತಿರಲಿಲ್ಲ. "ಭಾಸ್ಕರ್, ನನ್ನದೂ ಮನೆ ಮಠ ಇದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಕಥೆ ಹೇಳಬೇಡ" ಎಂದರು. ನಾನು ಹೊರಗೆ ಬಂದೆ. ಸಿಟ್ಟೂ ಬಂತು, ಕನಿಕರವೂ ಬಂತು. ಸಿಟ್ಟೇ ಹೆಚ್ಚು.

ವಿಚಾರಣೆಯಲ್ಲಿ ಆ ಅಧಿಕಾರಿ ಕೇಳಿದರು, "ಅಪಘಾತದ ಹೊತ್ತಿಗೆ ದೋಣಿ ನಿಷೇಧಿತ ವೃತ್ತದ ಒಳಗಿತ್ತೋ ಹೊರಗಿತ್ತೋ?"

"ಒಳಗಿತ್ತು ಸರ್. ಆದರೆ ದೋಣಿ ಬರಲಿಲ್ಲ, ಬಾರ್ಜು ಬಂತು."

"ವೃತ್ತದ ನಡುವೆ ಇರುವುದು ಬಾರ್ಜು ತಾನೆ?"

"ಹೌದು ಸರ್. ಅದು ತಿರುಗಿ ದೋಣಿಯ ಹತ್ತಿರ ಬಂತು. ಒಂದೇ ಲಂಗರು ಹಾಕಿದ್ದರು, ನೀರು ತಿರುಗಿತು. ನಾನು ನಿಲ್ಲಿಸಿದ ಜಾಗದಿಂದ ಧರ್ಮಾ ಕೋಲಿ ಒಂದು ಮೊಳವೂ ಕದಲಲಿಲ್ಲ. ಸರಿಯಲೇ ಎಂದು ಲಾಟೀನು ಬೀಸಿ ಕೇಳಿದ."

"ಅಂದರೆ ದೋಣಿ ವೃತ್ತದ ಒಳಗಿತ್ತು" ಎಂದು ಅವರು ಪಕ್ಕದವನಿಗೆ ಹೇಳಿ ಬರೆಸಿದರು. ಶೀನನನ್ನು ಕರೆಯಲೇ ಇಲ್ಲ. ಡ್ರೈವರನ ಕೆಲಸ ಇಂಜಿನ್ ನೋಡುವುದು, ನೀರು ನೋಡುವುದಲ್ಲ ಎಂದರಂತೆ. ಕೆಲವು ವಾರಗಳ ಮೇಲೆ ನನಗೊಂದು ಮೆಮೊ ಬಂತು, ಅಪ್ಪಣೆ ಇಲ್ಲದೆ ನೇಮಿಸಿದ ಸ್ಥಾನ ಬಿಟ್ಟದ್ದಕ್ಕೆ. ಆ ಸಂಜೆ ಯಾರದಾದರೂ ತಪ್ಪಿದ್ದರೆ ಅದು ಇಬ್ಬರದು ಎಂದಾಯಿತು, ಅಲುಗದವನದು ಮತ್ತು ಅಲುಗಿದವನದು.

ಆ ದಿನ ವಿಚಾರಣೆ ಮುಗಿಸಿ ಜೆಟ್ಟಿಗೆ ಬಂದರೆ ಅನುಸಯಾ ಕಟ್ಟೆಯ ಮೇಲೆ ಕುಳಿತಿದ್ದಳು.

"ಹೇಳಿದೆಯಾ ಭಾವು?"

"ಹೇಳಿದೆ ವಹಿನಿ."

"ಬರೆದುಕೊಂಡರಾ?"

ಇಲ್ಲ ಎಂದು ತಲೆಯಾಡಿಸಿದೆ. ಅವಳು ಸೆರಗು ಬಿಗಿದುಕೊಂಡು ಎದ್ದಳು. "ಪರಿಹಾರ ಕೊಡ್ತೀವಿ ಅಂತ ಬಂದಿದ್ರು, ಕಟ್ಟಡದವರು. ವಾಪಸ್ ಕಳಿಸಿದೆ. ನನಗೆ ಬೇರೆ ಏನೂ ಬೇಡ. ಅವನು ದಾಟಲಿಲ್ಲ ಅಂತ ಸರ್ಕಾರದವರ ಬಾಯಿಂದ ಒಂದು ಮಾತು ಬರಬೇಕು, ನಮ್ಮ ವಾಡಾದವರ ಎದುರಿಗೆ. ಅಷ್ಟೇ" ಎಂದಳು. ನಾನೂ ಸರ್ಕಾರದವನೇ ಎಂದೆ. "ನೀನು ಅವನ ದೋಸ್ತು. ನೀನು ಹೇಳಿದರೆ ದೋಸ್ತಿಗೆ ಹೇಳಿದ ಅಂತಾರೆ" ಎಂದಳು. ಹಾಗೆಯೇ ಅನ್ನುತ್ತಿದ್ದರು, ನನ್ನ ಎದುರಿಗೇ ಅಂದಿದ್ದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮಲ್ಲೂ ಹೊಸ ಹೊಸ ಸಾಮಾನು ಬಂತು. ಗೆರೆ ತೋರಿಸಲು ನೀರಿನ ಮೇಲೆ ತೇಲುವ ಕಿತ್ತಳೆ ಬಣ್ಣದ ಬುರುಡೆಗಳು, ಅವುಗಳ ಮೇಲೆ ಮಿಣುಕುವ ದೀಪ, ಜಾಗ ತೋರಿಸುವ ಯಂತ್ರ, ದೊಡ್ಡ ಸದ್ದಿನ ವಾಕಿಟಾಕಿ, ಪ್ಲಾಸ್ಟಿಕ್ ಹೊದಿಸಿದ ಬಣ್ಣದ ನಕ್ಷೆ. ಸ್ವಾತಿ, ನೀನು ಸೇರುವಾಗ ಇನ್ನೂ ಹೆಚ್ಚಿನವು ಇರುತ್ತವೆ, ಎಲ್ಲವನ್ನೂ ಕಲಿ. ಆದರೆ ಬಾರ್ಜಿಗೆ ಎರಡನೆಯ ಲಂಗರು ಹಾಕಿಸಿ ಎಂದು ನಾನು ಬರೆದುಕೊಟ್ಟದ್ದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮರಳಿನವರನ್ನು ಕೇಳಿದರೆ, "ಎರಡು ಲಂಗರು ಯಾರ ಹತ್ತಿರ ಇರ್ತದೆ ಸೇಟ್?" ಎಂದು ನಗುತ್ತಿದ್ದರು. ಬುರುಡೆಗಳನ್ನು ಯಾರೋ ಕದ್ದರು. ಉಳಿದವನ್ನು ಕೋಲಿಗಳು ಲೆಕ್ಕಕ್ಕೇ ಇಡಲಿಲ್ಲ. ಧರ್ಮಾನ ಜಾಗದಲ್ಲಿ ನಿಲ್ಲಲು ಒಬ್ಬನೂ ಒಪ್ಪಲಿಲ್ಲ. ನಿಂತವನಿಗೆ ಏನಾಯಿತು ನೋಡಿದೆವಲ್ಲ, ಸತ್ತದ್ದಲ್ಲದೆ ಕಳ್ಳನೂ ಆದ ಎಂದರು.

ಅದೇ ಕಂಪನಿಯ ಎರಡನೆಯ ಗೋಪುರಕ್ಕೆ ಮತ್ತೆ ಪಟಾಕಿ ಬಂತು. ಅದೇ ದಂಡೆ, ಅದೇ ನಕ್ಷೆ, ಭರತದಲ್ಲಿ ತಂದು ಒಂದೇ ಲಂಗರಿನಲ್ಲಿ ನಿಲ್ಲಿಸಿದ ಬಾರ್ಜು. ಈ ಸಲ ಕೋಲಿವಾಡದ ಕಡೆಗೆ ಲಾಂಚನ್ನೇ ನಿಲ್ಲಿಸಬೇಕಾಯಿತು, ತಡೆಯಲು ಬೇರೆ ಯಾರೂ ಇರಲಿಲ್ಲವಲ್ಲ. ಕೋಲಿವಾಡದ ದೋಣಿಗಳು ತಮಾಷೆ ನೋಡಲು ನಮ್ಮ ಹಿಂದೆ ಬಂದು ಸೇರಿದ್ದವು. ಬಿಸಿಲು ಇಳಿಯುತ್ತಿತ್ತು. ನಾನು ಎರಡು ಲಂಗರಿನ ಮಾತನ್ನು ಬೆಳಿಗ್ಗೆಯೇ ಸಾಹೇಬರಿಗೆ ಹೇಳಿ ಬೈಸಿಕೊಂಡಿದ್ದೆ.

"ಭಾಸ್ಕರಣ್ಣ, ಅದ್ಯಾರ್?" ಎಂದ ಶೀನ.

ದೋಣಿಗಳ ನಡುವಿನಿಂದ ಒಂದು ದೋಣಿ ಮುಂದೆ ಬಂತು. ಬದಿಯ ಹಲಗೆ ಇನ್ನೂ ಕಪ್ಪಾಗಿತ್ತು. ಹುಟ್ಟು ಹಾಕುತ್ತಿದ್ದವಳು ಅನುಸಯಾ. ನಮ್ಮತ್ತ ನೋಡದೆ ಮುಂದೆ ಹೋದಳು. ಸೇತುವೆಯ ಒಂದು ಕಂಬವನ್ನೂ ದಂಡೆಯ ನೀರಿನ ಟಾಕಿಯನ್ನೂ ಗುರಿ ಹಿಡಿದು, ಹಿಂದೆ ಮುಂದೆ ಮಾಡಿ ಜಾಗ ಸರಿಮಾಡಿಕೊಂಡು ಲಂಗರು ಬಿಟ್ಟಳು. ಧರ್ಮಾ ನಿಂತ ಜಾಗ ಅದು. ಅವತ್ತು ಕೋಲಿವಾಡದ ದಂಡೆಯ ಮೆಟ್ಟಿಲ ಮೇಲೆ ನಿಂತು ಅವನನ್ನು ನೋಡಿದ್ದವಳು ಅವಳು. ಹಿಂದಿದ್ದ ದೋಣಿಯವರಿಗೂ ಆ ಜಾಗದ ಗುರುತು ಹತ್ತಿತು.

ವಾಕಿಟಾಕಿ ಕಿರುಚಿತು. ದಂಡೆಯಿಂದ ದುರ್ಬೀನು ಹಿಡಿದ ಸಾಹೇಬರು. "ಭಾಸ್ಕರ್, ಆ ದೋಣಿ ಯಾರದು? ತೆಗೆಸು ಅದನ್ನ, ಜಲ್ದಿ!"

ನಾನು ನಕ್ಷೆ ನೋಡಿದೆ, ಯಂತ್ರ ನೋಡಿದೆ. "ಸರ್, ನಕ್ಷೆಯ ಪ್ರಕಾರ ದೋಣಿ ಗೆರೆಯ ಹೊರಗಿದೆ. ಏನು ಕಾರಣ ಹೇಳಿ ತೆಗೆಸಲಿ?"

"ಹೊರಗಿದ್ರೂ ತೆಗೆಸು."

"ಹೊರಗಿರುವ ದೋಣಿಯನ್ನು ತೆಗೆಸಲು ನನಗೆ ಅಧಿಕಾರ ಇಲ್ಲ ಸರ್. ಕಾರಣ ಹೇಳಿ."

ಸಾಹೇಬರು ಕೂಗಿಯೇ ಬಿಟ್ಟರು. "ಕಾರಣ ಗೊತ್ತಿಲ್ವಾ ನಿನಗೆ? ನೀರು ತಿರುಗಿದ್ರೆ ಬಾರ್ಜು ತಿರುಗಿ ಅವಳ ತಲೆ ಮೇಲೆ ಬರ್ತದೆ! ಹೋದ ಸಲ ಆ ಮನುಷ್ಯನ ಮೇಲೆ ಬಂದ ಹಾಗೆ! ಇನ್ನೊಂದು ಹೆಣ ಬೇಕಾ ನಿನಗೆ?"

ಹೊಸ ವಾಕಿಟಾಕಿಯ ಸದ್ದು ದೊಡ್ಡದು ಎಂದೆನಲ್ಲ. ಹತ್ತಿರದ ದೋಣಿಯವರಿಗೆ ಕೇಳಿತು. ಮರಾಠಿಯಲ್ಲೇ ಹೇಳಿದ್ದರಿಂದ ಯಾರಿಗೂ ಅರ್ಥ ಹೇಳುವ ಕೆಲಸವಿರಲಿಲ್ಲ. ಅನುಸಯಾ ಮೊದಲ ಸಲ ನನ್ನ ಕಡೆ ತಿರುಗಿದಳು.

"ಭಾವು, ಸಾಹೇಬ ಹೇಳಿದ್ದು ಹಿಂದಿನವರಿಗೆ ಕೇಳಿರಲಿಕ್ಕಿಲ್ಲ. ಆ ಭೋಂಗಾದಲ್ಲಿ ಹೇಳು."

ಶೀನ ಭೋಂಗಾ ತಂದು ನನ್ನ ಕೈಗಿಟ್ಟ. ದಂಡೆಯಲ್ಲಿ ಹಾಡು ಇನ್ನೂ ಶುರುವಾಗಿರಲಿಲ್ಲ. ನಾನು ಎದ್ದು ನಿಂತು, ಸಾಹೇಬರ ಹೆಸರು ಹೇಳಿ, ಅವರ ಹುದ್ದೆ ಹೇಳಿ, ಅವರು ಆಡಿದ ಮಾತನ್ನು ಒಂದಕ್ಷರ ಬಿಡದೆ ಕೋಲಿವಾಡದ ಕಡೆಗೆ ಮುಖಮಾಡಿ ಹೇಳಿದೆ. ಈ ದೋಣಿ ಗೆರೆಯ ಹೊರಗಿದ್ದರೂ ತೆಗೆಸಬೇಕು, ನೀರು ತಿರುಗಿದರೆ ಬಾರ್ಜು ತಿರುಗಿ ಇದರ ಮೇಲೆ ಬರುತ್ತದೆ, ಹೋದ ಸಲವೂ ಹಾಗೆಯೇ ಬಂದಿತ್ತು. ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಗಸರು ಎದ್ದು ನಿಂತದ್ದು ಕಂಡಿತು. ಹತ್ತಿರದ ದೋಣಿಯಲ್ಲಿದ್ದ ಒಬ್ಬ ಮುದುಕ ತಲೆಯ ಟೊಪ್ಪಿ ತೆಗೆದ. ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ.

ಅನುಸಯಾ ಲಂಗರಿನ ಹಗ್ಗಕ್ಕೆ ಕೈ ಹಾಕಿದಳು. ಕೆಸರು ಸುರಿಯುವ ಹಗ್ಗವನ್ನು ಎಳೆದೆಳೆದು ಕಾಲ ಬಳಿ ಸುತ್ತಿಡುತ್ತಾ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ಇಷ್ಟೇ ಮಾತಲ್ವಾ ಭಾವು. ಅವತ್ತು ಹೇಳಿದ್ದರೆ ಅವನೂ ಸರಿದುಕೊಳ್ತಿದ್ದ."